ಮಾಡೆಲ್ ಗಾಡಿ ಮೇಲೆ ಬಿಳಿ ಪೊರೆ: ಮಳೆಗೆ ಬೈಯುವ ಮೊದಲು ಒಮ್ಮೆ ನೋಡಿ

ರಾತ್ರಿ ಕಪ್ಪು ಗ್ಲಾಸ್ (ಹೊಳೆಯುವ) ಪೈಂಟ್ ಹೊಡೆದು ಮುಚ್ಚಿಟ್ಟು ಮಲಗಿದ್ದು, ಬೆಳಿಗ್ಗೆ ಮುಚ್ಚಳ ತೆಗೆದ್ರೆ ಬಾನೆಟ್ ಇಡೀ ಬಿಳಿ ಬಿಳಿ. ಇಲ್ಲಾಂದ್ರೆ ಕಾರಿನ ಒಳಗಿನಿಂದ ಗಾಜಿಗೆ ಮಂಜು ಕೂತಿದೆ. ಇಲ್ಲಾಂದ್ರೆ ಕಪಾಟಿನಲ್ಲಿ ಸುಮ್ಮನೆ ನಿಂತಿದ್ದ ಹಳೆ ಡೈಕಾಸ್ಟ್ (ಲೋಹದ ಎರಕದ) ಗಾಡಿಯ ಅಡಿಯಲ್ಲಿ ಬಿಳಿ ಪುಡಿ. ನಮ್ಮ ಮಂಗಳೂರು ಉಡುಪಿ ಕಡೆ ಯಾರಿಗೆ ತೋರಿಸಿದ್ರೂ ಉತ್ತರ ಒಂದೇ, "ಮಳೆಗಾಲ ಅಲ್ವಾ ಮಾರಾಯ್ರೆ, ಹಾಗೆಯೇ." ಅರ್ಧ ಸರಿ. ಇನ್ನರ್ಧ ಸರಿ ಇಲ್ಲದ್ದಕ್ಕೇ ಎಷ್ಟೋ ಒಳ್ಳೆ ಮಾಡೆಲ್ ಹಾಳಾಗುವುದು, ಯಾಕಂದ್ರೆ ಬಿಳಿ ಆಗುವ ಕಾರಣ ಒಂದಲ್ಲ, ಕಮ್ಮಿ ಅಂದ್ರೂ ಏಳೆಂಟು ಉಂಟು, ಒಂದಕ್ಕೆ ಮಾಡುವ ಔಷಧ ಇನ್ನೊಂದಕ್ಕೆ ವಿಷ. ಪೈಂಟಿನ ಬಿಳಿ ತೆಗೆಯುವ ಥಿನ್ನರನ್ನು ಗಾಜಿನ ಬಿಳಿಗೆ ಹಾಕಿದ್ರೆ ಗಾಜೇ ಕರಗ್ತದೆ (ಮಾಡೆಲಿನ ಗಾಜು ಅಂದ್ರೆ ಪಾರದರ್ಶಕ ಪ್ಲಾಸ್ಟಿಕ್), ಬೂಸ್ಟು ಒರೆಸುವ ಆಲ್ಕೋಹಾಲನ್ನು ಅಕ್ರಿಲಿಕ್ ಪೈಂಟಿಗೆ ಹಚ್ಚಿದ್ರೆ ಪೈಂಟೇ ಬಟ್ಟೆಗೆ ಬರ್ತದೆ, ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಸ್ಟಿಕ್ಕರ್) ಅಡಿಯ ಬಿಳಿಯನ್ನು ಪಾಲಿಶ್ ಹಾಕಿ ಉಜ್ಜಿದ್ರೆ ಬಿಳಿ ಅಲ್ಲೇ ಇದ್ದು ಡೆಕಾಲ್ ಮಾತ್ರ ಹೋಗ್ತದೆ.

ಹಾಗಾಗಿ ಕೈಗೆ ಎಂತದೂ ಬಾಟ್ಲಿ ತಗೊಳ್ಳುವ ಮೊದಲು ಆ ಬಿಳಿ ಯಾವ ಪದರದಲ್ಲಿ ಉಂಟು ಅಂತ ಗೊತ್ತಾಗ್ಬೇಕು. ಪೈಂಟಿನ ಮೇಲಾ, ಪೈಂಟಿನ ಒಳಗಾ, ಪೈಂಟಿಗೂ ಡೆಕಾಲಿಗೂ ನಡುವೆಯಾ, ಅಥವಾ ಅಡಿಯ ಪ್ಲಾಸ್ಟಿಕ್, ಲೋಹದಿಂದಲೇ ಬರ್ತಾ ಉಂಟಾ. ಇದಿಷ್ಟು ಗೊತ್ತಾದ್ರೆ ಮುಕ್ಕಾಲು ಕೆಲಸ ಆಯ್ತು.

ಮೊದಲ ಪರೀಕ್ಷೆ: ಒಂದು ಹನಿ ನೀರು

ಸಣ್ಣ ಬ್ರಶ್ ತಗೊಂಡು ಬಿಳಿ ಇರುವ ಜಾಗಕ್ಕೆ ಒಂದು ಹನಿ ಶುದ್ಧ ನೀರು ಇಡಿ. ಉಜ್ಜಬೇಡಿ, ಸುಮ್ಮನೆ ಇಡಿ ಅಷ್ಟೇ. ಈಗ ಹನಿಯ ಒಳಗೆ ನೋಡಿ.

ಬಿಳಿ ಪೂರ್ತಿ ಮಾಯ ಆಗಿ ಕೆಳಗಿನ ಬಣ್ಣ ಕಂಡ್ರೆ, ನೀರು ಆರಿದ ಕೂಡಲೇ ಮತ್ತೆ ಬಂದ್ರೆ, ದೋಷ ಮೇಲ್ಮೈಯಲ್ಲಿ ಉಂಟು. ಕಣ್ಣಿಗೆ ಕಾಣದಷ್ಟು ಸಣ್ಣ ತರಿತರಿ ಅಲ್ಲಿ ಆಗಿದೆ, ಬೆಳಕು ಅದಕ್ಕೆ ಬಿದ್ದು ನಾಲ್ಕೂ ಕಡೆ ಚದುರ್ತದೆ, ಚದುರಿದ ಬೆಳಕು ನಮ್ಮ ಕಣ್ಣಿಗೆ ಬಿಳಿ. ನೀರು ಆ ಗುಂಡಿಗಳನ್ನು ತುಂಬಿದಾಗ ಮೇಲ್ಮೈ ಸಪಾಟಾಗಿ ಬಿಳಿ ಹೋಗ್ತದೆ. ಇದು ಒಳ್ಳೆ ಸುದ್ದಿ, ಯಾಕಂದ್ರೆ ನೀರು ಮಾಡಿದ ಕೆಲಸವನ್ನು ಒಂದು ಕೋಟ್ ಗ್ಲಾಸ್ ಕ್ಲಿಯರ್, ಅಂದ್ರೆ ಬಣ್ಣ ಇಲ್ಲದ ಹೊಳೆಯುವ ಪೈಂಟ್, ಖಾಯಂ ಆಗಿ ಮಾಡ್ಬಹುದು.

ಬಿಳಿ ಕಮ್ಮಿಯಾಗಿ ಸ್ವಲ್ಪ ಉಳಿದ್ರೆ ಪೈಂಟಿನ ಒಳಗೂ ಇಳಿದಿದೆ ಅಂತ ಅರ್ಥ. ಒಂಚೂರೂ ಬದಲಾಗದಿದ್ರೆ ಗಾಳಿಯೋ ಬಿರುಕೋ ಒಳಗೆ ಸಿಕ್ಕಿಕೊಂಡಿದೆ, ಮೇಲಿನಿಂದ ನೀರು ಅಲ್ಲಿಗೆ ಹೋಗ್ಲಿಕ್ಕೇ ಆಗುದಿಲ್ಲ. ಇನ್ನು ಹನಿ ಹೀರಿ ತೆಗೆಯುವಾಗ ಬಿಳಿಯೇ ಎದ್ದು ಬ್ರಶ್ಶಿಗೆ ಅಂಟಿ ಬಂದ್ರೆ ಅದು ಪೈಂಟಿನ ದೋಷವೇ ಅಲ್ಲ, ಮೇಲೆ ಕೂತ ಧೂಳು, ಪುಡಿ ಅಥವಾ ಬೂಸ್ಟು.

ಎರಡನೇ ಪ್ರಶ್ನೆ, ಬಿಳಿ ಬಂದದ್ದು ಯಾವಾಗ? ಪೈಂಟ್ ಹೊಡೆದ ಹತ್ತು ನಿಮಿಷದೊಳಗಾ, ಗಮ್ ಹಾಕಿ ಮುಚ್ಚಿಟ್ಟ ಮರುದಿನವಾ, ತಿಂಗಳುಗಟ್ಟಲೆ ಕಪಾಟಿನಲ್ಲಿ ಇದ್ದ ಮೇಲಾ. ಮೂರನೇದು ಆಕಾರ. ಹಾಳೆಯಂತೆ ಹರಡಿದೆಯಾ, ಗುಂಡು ಚುಕ್ಕೆಗಳಾ, ಡೆಕಾಲ್ ಅಂಚಿನೊಳಗೇ ನಿಂತಿದೆಯಾ, ಗಮ್ ಹಾಕಿದ ಜಾಗದ ಸುತ್ತವಾ. ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಕೆಳಗಿನದ್ದು ಓದಿ.

ಹೊಡೆದ ಕೂಡಲೇ ಹಾಳೆಯಾಗಿ ಬಂದ ಬಿಳಿ

ಇದೇ ನಮ್ಮ ಊರಿನ ರಾಜ ರೋಗ. ಪೈಂಟರ್‌ಗಳು ಬ್ಲಶಿಂಗ್ ಅಂತ ಹೇಳುವುದು ಇದಕ್ಕೇ, ಕಾರ್ ಗ್ಯಾರೇಜಿನಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೈಂಟ್ ಹೊಡೆಯುವವರಿಗೆ ಕೇಳಿ, ಜೂನ್ ಬಂತು ಅಂದ್ರೆ ಅವರಿಗೂ ಇದೇ ತಲೆಬಿಸಿ. ಲ್ಯಾಕರ್ ಪೈಂಟ್ (ಥಿನ್ನರಿನಲ್ಲಿ ಕರಗಿಸಿದ, ಬೇಗ ಆರುವ ಪೈಂಟ್) ಮತ್ತು ಸ್ಪ್ರೇ ಕ್ಯಾನ್‌ಗಳಲ್ಲಿ ಇರುವ ಥಿನ್ನರ್ ಬೇಗ ಆವಿಯಾಗ್ತದೆ, ಆವಿಯಾಗುವಾಗ ಮಾಡೆಲಿನ ಮೇಲ್ಮೈಯ ಬಿಸಿ ಎಳೆದುಕೊಂಡು ಹೋಗ್ತದೆ, ಮೇಲ್ಮೈ ತಂಪಾಗ್ತದೆ, ತಂಪಾದ ಜಾಗಕ್ಕೆ ಗಾಳಿಯಲ್ಲಿರುವ ನೀರು ಬಂದು ಕೂರ್ತದೆ. ಐಸ್ ನೀರು ಹಾಕಿದ ಸ್ಟೀಲ್ ಲೋಟದ ಹೊರಗೆ ಬೆವರುವುದಿಲ್ವಾ, ಅದೇ. ವ್ಯತ್ಯಾಸ ಎಂತದಂದ್ರೆ ಇಲ್ಲಿ ಆ ನೀರು ಇನ್ನೂ ಒದ್ದೆ ಇರುವ ಪೈಂಟಿನ ಒಳಗೆ ಸಿಕ್ಕಿಬೀಳ್ತದೆ, ಪೈಂಟ್ ಒಣಗಿದ ಮೇಲೆ ನೀರು ಹೋಗಿ ಅದರ ಗುಂಡಿ ಉಳಿತದೆ.

ನಮ್ಮಲ್ಲೇ ಯಾಕೆ ಇಷ್ಟು ಜಾಸ್ತಿ ಅನ್ನುವುದಕ್ಕೆ ಲೆಕ್ಕ ಹೇಳ್ತೇನೆ. ಕೋಣೆಯಲ್ಲಿ 28 ಡಿಗ್ರಿ, ತೇವಾಂಶ 90% ಇದ್ದಾಗ ಇಬ್ಬನಿ ಕೂರುವ ಉಷ್ಣತೆ ಸುಮಾರು 26 ಡಿಗ್ರಿ. ಅಂದ್ರೆ ಮಾಡೆಲ್ ಬರೀ ಎರಡು ಡಿಗ್ರಿ ತಂಪಾದ್ರೆ ಸಾಕು, ನೀರು ಕೂತಾಯ್ತು. ಎರಡು ಡಿಗ್ರಿ ಅಂದ್ರೆ ಎಂತ, ಸ್ಪ್ರೇ ಕ್ಯಾನ್ ಒಂದು ದಪ್ಪ ಕೋಟಿನಲ್ಲಿ ಇಳಿಸಿಬಿಡ್ತದೆ. ಅದೇ 28 ಡಿಗ್ರಿಗೆ ತೇವಾಂಶ 55% ಇದ್ದರೆ ಇಬ್ಬನಿ ಕೂರಲಿಕ್ಕೆ ಸುಮಾರು 18 ಡಿಗ್ರಿವರೆಗೆ ಇಳಿಯಬೇಕು, ಅಷ್ಟು ಸುಲಭದಲ್ಲಿ ಇಳಿಯುದಿಲ್ಲ. ಯೂಟ್ಯೂಬ್ ನೋಡಿ ಕಲಿತವರಿಗೆ ಇಲ್ಲಿ ಮೋಸ ಆಗುವುದು ಇದರಲ್ಲೇ, ಆ ವಿಡಿಯೋ ಮಾಡಿದವನ ಊರಿನ ಗಾಳಿ ಬೇರೆ, ಆಟಿ ತಿಂಗಳಿನ (ನಡು ಮಳೆಗಾಲದ) ಸುರತ್ಕಲ್ಲಿನ ಗಾಳಿ ಬೇರೆ. ಅವನ ಕೈ ಚಳಕ ಕಾಪಿ ಮಾಡಿದ್ರೂ ಅವನ ಗಾಳಿಯನ್ನು ಕಾಪಿ ಮಾಡ್ಲಿಕ್ಕೆ ಆಗುದಿಲ್ಲ.

ಖಚಿತ ಮಾಡುವುದು ಹೇಗೆ: ಬಿಳಿ ಹೊಡೆದ ಕೆಲವೇ ನಿಮಿಷದಲ್ಲಿ ಬಂದಿರ್ತದೆ, ಅಂಚಿಲ್ಲದೆ ಹರಡಿರ್ತದೆ, ಪೈಂಟ್ ದಪ್ಪ ಬಿದ್ದ ಕಡೆ ಹೆಚ್ಚು, ತೆಳು ಬಿದ್ದ ಕಡೆ ಕಮ್ಮಿ, ನೀರಿನ ಹನಿ ಇಟ್ರೆ ಮುಕ್ಕಾಲು ಭಾಗವಾದ್ರೂ ಮಾಯ. ಕಪ್ಪು, ಕಡುನೀಲಿ, ಮರೂನ್ ಮೇಲೆ ಎದ್ದು ಕಾಣ್ತದೆ. ಬಿಳಿ ಬಣ್ಣದ ಮೇಲೆ ಬಂದ್ರೆ ಗೊತ್ತೇ ಆಗುದಿಲ್ಲ, ಶೈನ್ ಮಾತ್ರ ಸತ್ತ ಹಾಗೆ ಕಾಣ್ತದೆ, ಅದನ್ನು ನೋಡಿ ಪೈಂಟ್ ಡೂಪ್ಲಿಕೇಟ್ ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋದವರು ಇದ್ದಾರೆ.

ಮೊನ್ನೆ ಕಾಪುವಿನಿಂದ ಒಬ್ಬ ಹುಡುಗ ಫೋನ್ ಮಾಡಿದ. ಮಂಗಳೂರು-ಉಡುಪಿ-ಕುಂದಾಪುರ ಎಕ್ಸ್‌ಪ್ರೆಸ್ ಬಸ್ಸನ್ನು ಫೋಮ್ ಶೀಟ್ ಕತ್ತರಿಸಿ 1/24 ಸ್ಕೇಲಿಗೆ ಮಾಡ್ತಾ ಇದ್ದಾನೆ. ನಿಜದ ಬಸ್ 11 ಮೀಟರ್ ಅಂದ್ರೆ ಮಾಡೆಲ್ 46 ಸೆಂಟಿಮೀಟರ್ ಹತ್ರ ಬರ್ತದೆ, ಸಣ್ಣದಲ್ಲ.

"ಅಣ್ಣ, ಒಂದು ಸೈಡ್ ಫಸ್ಟ್ ಕ್ಲಾಸ್ ಬಂದಿದೆ, ಇನ್ನೊಂದು ಸೈಡ್ ಪೂರ್ತಿ ಬೆಳ್ಳಗೆ. ಒಂದೇ ಕ್ಯಾನ್, ಒಂದೇ ದಿನ."

"ಒಂದೇ ಹೊತ್ತಾ?"

"ಇಲ್ಲ, ಒಂದು ಸೈಡ್ ಮಧ್ಯಾಹ್ನ, ಇನ್ನೊಂದು ಸಂಜೆ ಮಳೆ ಬಂದ ಮೇಲೆ."

"ಮತ್ತೆಂತ ಮಾರಾಯ, ಉತ್ತರ ನೀನೇ ಹೇಳಿದೆಯಲ್ಲ."

ಮಳೆ ಬಿಟ್ಟ ಮಧ್ಯಾಹ್ನ ಗಾಳಿಯ ತೇವ ದಿನದಲ್ಲೇ ಕಮ್ಮಿ ಇರ್ತದೆ, ಸಂಜೆ ತಂಪಾಗ್ತಾ ಏರ್ತದೆ. ಆದ್ರೆ ಅಂದಾಜಿನಲ್ಲಿ ಹೊಡೆಯಬೇಡಿ, ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಕೆಲವು ನೂರು ರುಪಾಯಿಗೆ ಸಿಗ್ತದೆ, ಪೈಂಟನ್ನು ಗಾಳಿಯ ಒತ್ತಡದಲ್ಲಿ ಸಿಂಪಡಿಸುವ ಏರ್‌ಬ್ರಶ್ಶಿಗಿಂತ ಮೊದಲು ಅದನ್ನು ತಗೊಳ್ಳಿ ಅಂತ ನಾನು ಎಲ್ರಿಗೂ ಹೇಳುವುದು. ನನ್ನ ಲೆಕ್ಕದಲ್ಲಿ 60ರ ಒಳಗೆ ಇದ್ರೆ ಧೈರ್ಯದಿಂದ ಗ್ಲಾಸ್ ಲ್ಯಾಕರ್ ಹೊಡೆಯಬಹುದು, 70 ದಾಟಿದ್ರೆ ಪ್ರೈಮರ್ (ಅಡಿ ಕೋಟ್) ಮಾತ್ರ, 80 ಮೇಲೆ ಇದ್ರೆ ಟೈರಿಗೆ ಬ್ರಶ್ ಪೈಂಟ್ ಮಾಡ್ತಾ ಕೂತ್ಕೊಳ್ಳಿ, ಕೆಲಸಕ್ಕೇನು ಬರಗಾಲ ಇಲ್ಲ.

ಸರಿ ಮಾಡುವುದು: ಪೈಂಟ್ ಲ್ಯಾಕರ್ ಆಗಿದ್ರೆ ಮಾತ್ರ ಈ ದಾರಿ. ಒಣ ಹೊತ್ತು ನೋಡಿ, ಅಥವಾ ಎಸಿ ಡ್ರೈ ಮೋಡಿನಲ್ಲಿ ಸ್ವಲ್ಪ ಹೊತ್ತು ಇಟ್ಟ ಕೋಣೆಯಲ್ಲಿ, ನಿಧಾನ ಆರುವ ಥಿನ್ನರನ್ನು ಏರ್‌ಬ್ರಶ್ಶಿನಲ್ಲಿ ಹಾಕಿ ತೆಳುವಾಗಿ ಮಂಜಿನಂತೆ ಬಿಡಿ. ಮಿಸ್ಟರ್ ಲೆವೆಲಿಂಗ್ ಥಿನ್ನರಿನಲ್ಲಿ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಮೊದಲೇ ಸೇರಿರ್ತದೆ, ಅದು ಸಾಕಾಗ್ತದೆ. ಪೈಂಟಿನ ಮೇಲ್ಪದರ ಸ್ವಲ್ಪ ಮೆತ್ತಗಾಗಿ ಗುಂಡಿ ಮುಚ್ಚಿ ಬಣ್ಣ ಮತ್ತೆ ಕಾಣ್ತದೆ, ಕಣ್ಣೆದುರೇ ಆಗ್ತದೆ, ನೋಡ್ಲಿಕ್ಕೆ ಖುಷಿ. ಆ ಖುಷಿಯಲ್ಲಿ ಇನ್ನೊಂದು ಚೂರು ಅಂತ ಜಾಸ್ತಿ ಬಿಟ್ರೆ ಪೈಂಟ್ ಕೆಳಗೆ ಇಳೀತದೆ, ಪ್ಯಾನಲ್ ಗೀರುಗಳಲ್ಲಿ ನಿಲ್ತದೆ, ಹಾಗಾಗಿ ಒಂದು ಸಲ ಹೊಡೆದು ಐದು ನಿಮಿಷ ಕಾದು ಮತ್ತೆ ನೋಡುವುದು. ಎನಾಮೆಲ್ ಅಥವಾ ನೀರಿನ ಅಕ್ರಿಲಿಕ್ ಮೇಲೆ ಇದನ್ನು ಮಾಡಬೇಡಿ, ಸುಕ್ಕಾಗ್ತದೆ. ಒಳಗಿನವರೆಗೆ ಬಿಳಿ ಇಳಿದಿದ್ರೆ ಚೆನ್ನಾಗಿ ಗಟ್ಟಿಯಾಗ್ಲಿಕ್ಕೆ ಬಿಟ್ಟು 2000 ನಂಬ್ರದ ವಾಟರ್ ಪೇಪರಿನಲ್ಲಿ ತಿಕ್ಕಿ ಇನ್ನೊಂದು ಕೋಟ್ ಹೊಡೆಯುವುದೇ ಸರಿ.

ಮುಂದೆ ಬರದ ಹಾಗೆ: ಪೈಂಟಿಗೆ 5ರಿಂದ 10% ರಿಟಾರ್ಡರ್ ಸೇರಿಸಿ, ತೆಳು ಕೋಟ್ ಹೊಡೆಯಿರಿ. ಸ್ಪ್ರೇ ಕ್ಯಾನ್ ಆದ್ರೆ ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ, 40 ಡಿಗ್ರಿ ದಾಟದ ಹಾಗೆ, ಸ್ವಲ್ಪ ಹೊತ್ತು ನಿಲ್ಲಿಸಿ, ಯಾಕಂದ್ರೆ ಗ್ಯಾಸ್ ಹೊರಗೆ ಬರುವಾಗ ಕ್ಯಾನೇ ತಂಪಾಗ್ತದೆ. ಒಲೆ ಮೇಲೆ, ಕುದಿಯುವ ನೀರಿನಲ್ಲಿ ಇಡುವುದು ಬಾಂಬ್ ತಯಾರಿ, ಅದರ ತಂಟೆ ಬೇಡ. ಮಾಡೆಲನ್ನೂ ಟೇಬಲ್ ಲ್ಯಾಂಪಿನ ಎದುರು ಸ್ವಲ್ಪ ಉಗುರು ಬೆಚ್ಚಗೆ ಮಾಡಿಕೊಂಡ್ರೆ ಇಬ್ಬನಿ ಮಟ್ಟಕ್ಕೆ ಇಳಿಯುವ ಮೊದಲೇ ಪೈಂಟ್ ಆರ್ತದೆ. ಎಸಿ ಕೋಣೆಯಿಂದ ತಂಪು ಮಾಡೆಲನ್ನು ತಂದು ಬಾಲ್ಕನಿಯಲ್ಲಿ ಕೂಡಲೇ ಪೈಂಟ್ ಹೊಡೆಯುವುದು ಮಾತ್ರ ಎಲ್ಲಕ್ಕಿಂತ ಕೆಟ್ಟದು, ಹೊಡೆಯುವ ಮೊದಲೇ ಅದಕ್ಕೆ ನೀರು ಕೂತಿರ್ತದೆ. ಕಿಟಕಿ ಮುಚ್ಚಿ ಹೊಡೆಯುವವರು ಆವಿಗೆ ಆಗುವ ಕಾಟ್ರಿಜ್ ಮಾಸ್ಕ್ ಹಾಕಿ, ಬಟ್ಟೆ ಮಾಸ್ಕಿನಿಂದ ಥಿನ್ನರ್ ನಿಲ್ಲುದಿಲ್ಲ, ಅಡುಗೆ ಕೋಣೆಯ ಹತ್ರ ಅಂತೂ ಬೇಡ್ವೇ ಬೇಡ.

ಥಿನ್ನರ್ ವಿಷಯ ಬಂತು ಅಂತ ಇನ್ನೊಂದು ಹೇಳ್ತೇನೆ. ದುಡ್ಡು ಉಳಿಸ್ಲಿಕ್ಕೆ ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ತರುವವರು ಬಹಳ. ಏರ್‌ಬ್ರಶ್ ತೊಳೀಲಿಕ್ಕೆ ಅದು ಫಸ್ಟ್ ಕ್ಲಾಸ್. ಪೈಂಟಿಗೆ ಸೇರಿಸಿದ್ರೆ ಎರಡು ತಾಪತ್ರಯ, ಒಂದು ಬೇಗ ಆರಿ ಬ್ಲಶಿಂಗ್ ಜಾಸ್ತಿ, ಎರಡು ಕಿಟ್ಟಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ತಿನ್ತದೆ. ತಿಂದ ಪ್ಲಾಸ್ಟಿಕ್ ಕೂಡ ಬಿಳಿಚಿಕೊಂಡೇ ಕಾಣುವುದು, ಆದ್ರೆ ಉಗುರು ಎಳೆದ್ರೆ ಜೇಡರ ಬಲೆಯ ನಮೂನೆಯ ಗೀರು ಕೈಗೆ ಸಿಗ್ತದೆ, ನೀರು ಇಟ್ರೂ ಗೀರು ಹೋಗುದಿಲ್ಲ. ಅದಕ್ಕೆ ಸ್ಪ್ರೇ ಔಷಧ ಇಲ್ಲ, ತಿಕ್ಕಿ ಪ್ರೈಮರಿನಿಂದ ಮತ್ತೆ ಶುರು ಮಾಡುವುದೇ.

ಮ್ಯಾಟ್ ಕ್ಲಿಯರ್ ಹೊಡೆದ ಮೇಲೆ ಬಿಳಿ

ಇಲ್ಲಿ ಎರಡು ಕಾರಣ ಬೆರಕೆ ಆಗಿರ್ತದೆ, ಒಂದು ಮೇಲೆ ಹೇಳಿದ ಬ್ಲಶಿಂಗ್, ಇನ್ನೊಂದು ಪುಡಿ. ಮ್ಯಾಟ್ ಕ್ಲಿಯರಿನಲ್ಲಿ ಶೈನ್ ಕೊಲ್ಲಲಿಕ್ಕೆ ನಯವಾದ ಸಿಲಿಕಾ ಪುಡಿ ಹಾಕಿರ್ತಾರೆ, ಅದು ಬಾಟ್ಲಿ ಅಡಿಗೆ ಕೂರ್ತದೆ. ಸರಿ ಕಲಕದೆ ಹೊಡೆದ್ರೆ ಮೊದಲಿನ ಮಾಡೆಲಿಗೆ ಶೈನ್ ಹೋಗುದೇ ಇಲ್ಲ, ಬಾಟ್ಲಿ ತಳಕ್ಕೆ ಬಂದಾಗ ಹೊಡೆದ ಮಾಡೆಲಿಗೆ ಪುಡಿಯೇ ಪುಡಿ. ಮಳೆ ಬಿಸಿಲು ಯಾವುದಾದ್ರೂ ಇದು ಆಗ್ತದೆ. ಗುರುತು ಎಂತದಂದ್ರೆ ಬಿಳಿ ಮೂಲೆಗಳಲ್ಲಿ, ಜೀಪಿನ ಸೀಟಿನ ಸಂದಿಯಲ್ಲಿ, ಗ್ರಿಲ್ಲಿನ ಗೀರುಗಳಲ್ಲಿ ಕೂತಿರ್ತದೆ. ಬ್ಲಶಿಂಗ್ ಆದ್ರೆ ಬಯಲು ಜಾಗದಲ್ಲೂ ಸಮ ಇರ್ತದೆ.

ಎರಡಕ್ಕೂ ಮೊದಲ ಮದ್ದು ಒಂದೇ, ಗ್ಲಾಸ್ ಕ್ಲಿಯರ್ ಒಂದು ಒದ್ದೆ ಕೋಟ್. ನೀರಿನ ಹನಿ ಪರೀಕ್ಷೆಯಲ್ಲಿ ಬಿಳಿ ಮಾಯ ಆಗಿತ್ತು ಅಂದ್ರೆ ಇದರಲ್ಲೂ ಮಾಯ ಆಗ್ತದೆ. ಪೂರ್ತಿ ಆರಿದ ಮೇಲೆ ಮತ್ತೆ ಮ್ಯಾಟ್ ಹೊಡೆಯಿರಿ, ಈ ಸಲ ಕಲಕಿ. ಕ್ಯಾನನ್ನು ನಾಲ್ಕು ಸಲ ಅಲ್ಲಾಡಿಸಿ ಆಯ್ತು ಅನ್ನುವವರೇ ಹೆಚ್ಚು, ಗೋಲಿ ಶಬ್ದ ಶುರುವಾದ ಮೇಲೆ ಎರಡು ನಿಮಿಷವಾದ್ರೂ ಬೇಕು.

ಗುಂಡು ಗುಂಡು ಚುಕ್ಕೆ ಚದುರಿಕೊಂಡಿದ್ರೆ ಅದು ಗಾಳಿ ಒತ್ತಿ ಕೊಡುವ ಕಂಪ್ರೆಸರಿನಿಂದ ಬಂದ ನೀರು. ನಮ್ಮ ಗಾಳಿಯನ್ನು ಒತ್ತಿದ್ರೆ ನೀರು ಬಾರದೆ ಇರುದಿಲ್ಲ, ಟ್ಯಾಂಕಿನ ಅಡಿಯ ಸ್ಕ್ರೂ ಬಿಚ್ಚಿ ಪ್ರತಿ ಸಲ ನೀರು ಖಾಲಿ ಮಾಡಿ. ನೀರು ಹಿಡಿಯುವ ಫಿಲ್ಟರ್ ಕಂಪ್ರೆಸರಿನ ಬಾಯಿಯಲ್ಲಿ ಒಂದೇ ಇದ್ರೆ ಸಾಲದು, ಬಿಸಿ ಗಾಳಿ ಪೈಪಿನಲ್ಲಿ ಹೋಗ್ತಾ ಹೋಗ್ತಾ ತಣ್ಣಗಾಗಿ ಪೈಪಿನೊಳಗೇ ನೀರಾಗ್ತದೆ, ಏರ್‌ಬ್ರಶ್ಶಿನ ಹತ್ರ ಇನ್ನೊಂದು ಸಣ್ಣದು ಬೇಕು. ಚುಕ್ಕೆಯ ನಡುವೆ ಪೈಂಟೇ ಇಲ್ಲದೆ ಉಂಗುರ ಆಗಿದ್ರೆ ಅದು ನೀರಲ್ಲ, ಎಣ್ಣೆ. ತಲೆಗೆ ತೆಂಗಿನೆಣ್ಣೆ ಹಚ್ಚಿದ ಕೈಯಲ್ಲೇ ಬಾಡಿ ಹಿಡಿದು ನೋಡಿದ್ದು ಅಂತ ತಿಳ್ಕೊಳ್ಳಿ. ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ತೊಳೆದು ಒಣಗಿಸಿ ಆಮೇಲೆ ಗ್ಲೌಸ್ ಹಾಕಿ ಹಿಡೀರಿ.

ಗಾಜಿಗೆ ಒಳಗಿನಿಂದ ಮಂಜು

ಗಾಡಿ ಜೋಡಿಸಿ ಮುಗಿಸಿ, ಒಳಗೆ ಕೈ ಹೋಗದ ಹಾಗೆ ಆದ ಮೇಲೆಯೇ ಇದು ಬರುವುದು, ಅದಕ್ಕೆ ಸಿಟ್ಟು ಬರುವುದು. ಕಾರಣ ಹೆಚ್ಚಾಗಿ ಸೂಪರ್ ಗ್ಲೂ. ಫೆವಿಕ್ವಿಕ್ ಆಗ್ಲಿ ಫಾರಿನ್ ಬಾಟ್ಲಿ ಆಗ್ಲಿ, ಎಲ್ಲಾ ಸಯನೋಅಕ್ರಿಲೇಟ್ ಜಾತಿಯೇ. ಗಟ್ಟಿಯಾಗುವ ಮೊದಲು ಅದರ ಸ್ವಲ್ಪ ಭಾಗ ಆವಿಯಾಗಿ ಎದ್ದು ಹತ್ತಿರ ಸಿಕ್ಕಿದ ಮೇಲ್ಮೈ ಮೇಲೆ, ಅಲ್ಲಿರುವ ತೇವದ ಜೊತೆ ಸೇರಿ, ಬಿಳಿ ಪ್ಲಾಸ್ಟಿಕ್ ಪುಡಿಯಾಗಿ ಕೂರ್ತದೆ. ಈ ಗಮ್ಮಿಗೆ ಗಟ್ಟಿಯಾಗ್ಲಿಕ್ಕೆ ನೀರಿನ ತೇವವೇ ಬೇಕಾದ್ದು, ಹಾಗಾಗಿ ನಮ್ಮ ಕಡೆ ಬೇಗ ಹಿಡಿತದೆ, ಮಂಜೂ ಬೇಗ ಹಿಡಿತದೆ.

ಗುರುತು ಬಹಳ ಸುಲಭ. ಬಿಳಿ ಗಮ್ ಹಾಕಿದ ಜಾಗದ ಹತ್ರ ದಟ್ಟ, ದೂರ ಹೋದ ಹಾಗೆ ತೆಳು. ಇನ್ನೂ ಪಕ್ಕಾ ಬೇಕಾದ್ರೆ ಗಾಜಿನ ಮೇಲೆ ನಿಮ್ಮದೇ ಬೆರಳಿನ ಗುರುತು ಬಿಳಿಯಲ್ಲಿ ಮೂಡಿದೆಯಾ ನೋಡಿ. ಅಪರಾಧ ನಡೆದ ಜಾಗದಲ್ಲಿ ಕಣ್ಣಿಗೆ ಕಾಣದ ಬೆರಳಚ್ಚು ಎತ್ತಲಿಕ್ಕೆ ಪೊಲೀಸ್ ಲ್ಯಾಬಿನವರು ಬಳಸುವುದು ಇದೇ ಆವಿಯನ್ನು, ಮುಚ್ಚಿದ ಡಬ್ಬಿಯೊಳಗೆ ಗ್ಲೂ ಬಿಸಿ ಮಾಡಿ. ನಿಮ್ಮ ಕಾರಿನ ಬಾಡಿ ಈಗ ಅದೇ ಡಬ್ಬಿ. ಬೆರಳಿನ ಗೆರೆ ಕಂಡಿತು ಅಂದ್ರೆ ಬೇರೆ ಕಾರಣ ಹುಡುಕಬೇಡಿ, ಕೇಸ್ ಕ್ಲೋಸ್.

ತೆಗೆಯುವುದು: ಕೈಗೆ ಸಿಗುವ ಜಾಗ ಆದ್ರೆ ಹತ್ತಿ ಕಡ್ಡಿಗೆ ಮಾಡೆಲ್ ಪಾಲಿಶ್, ಅದಿಲ್ಲಾಂದ್ರೆ ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಚೂರು ಹಾಕಿ ಸುತ್ತ ಸುತ್ತ ಹಗೂರ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನೈಲ್ ಪಾಲಿಶ್ ರಿಮೂವರ್ ಸೂಪರ್ ಗ್ಲೂ ಕರಗಿಸ್ತದೆ ಅಂತ ಓದಿ ಗಾಜಿಗೆ ಹಚ್ಚುವವರಿದ್ದಾರೆ. ಅದರಲ್ಲಿರುವ ಅಸಿಟೋನ್ ಗ್ಲೂವನ್ನು ಕರಗಿಸುವುದು ನಿಜ, ಅದಕ್ಕಿಂತ ಮೊದಲು ಗಾಜನ್ನು ಕರಗಿಸುವುದು ಇನ್ನೂ ನಿಜ. ಉಜ್ಜಿದ ಮೇಲೆ ಸಣ್ಣ ಗೀರು ಉಳಿದ್ರೆ ಗಾಜನ್ನು ಬಿಡಿಸಿ ನೀರಿನ ಅಕ್ರಿಲಿಕ್ ಗ್ಲಾಸ್ ಕ್ಲಿಯರಿನಲ್ಲಿ ಅದ್ದಿ ಧೂಳಿಲ್ಲದ ಕಡೆ ನೇತುಹಾಕಿ.

ಮುಂದಕ್ಕೆ ಗಾಜಿಗೆ ಸೂಪರ್ ಗ್ಲೂ ಮುಟ್ಟಿಸಲೇ ಬೇಡಿ. ಬಿಳಿ ಫೆವಿಕಾಲ್ ಸಾಕು, ಆರಿದ ಮೇಲೆ ಪಾರದರ್ಶಕ ಆಗ್ತದೆ, ಗಾಜಿಗೇನು ಭಾರ ಹೊರುವ ಕೆಲಸ ಇಲ್ಲ. ಬೇರೆ ಕಡೆ ಸೂಪರ್ ಗ್ಲೂ ಹಾಕಲೇಬೇಕಾದ್ರೆ ಬಾಡಿ ಮುಚ್ಚುವ ಮೊದಲು ಹಾಕಿ, ಸಣ್ಣ ಫ್ಯಾನ್ ಎದುರು ಇಡಿ, ಆವಿ ಹೊರಗೆ ಹೋಗ್ಲಿ. ಹನಿ ದೊಡ್ಡದಾದಷ್ಟೂ ಆವಿ ಜಾಸ್ತಿ, ಟೂತ್‌ಪಿಕ್ ತುದಿಯಲ್ಲಿ ತಗೊಂಡ್ರೆ ಧಾರಾಳ.

ಬರೀ ಡೆಕಾಲ್ ಆಕಾರದಲ್ಲೇ ಬಿಳಿ

ಬಸ್ಸಿನ ಹೆಸರು, ನಂಬ್ರ ಪ್ಲೇಟ್, ರೇಸ್ ಕಾರಿನ ಸ್ಟಿಕ್ಕರ್, ಇವುಗಳ ಸುತ್ತ ಇರುವ ಪಾರದರ್ಶಕ ಅಂಚು ಬೆಳ್ಳಿಯಂತೆ ಹೊಳೆದ್ರೆ, ನೀರಿನ ಹನಿಗೆ ಬಗ್ಗದಿದ್ರೆ, ಅಡಿಯಲ್ಲಿ ಗಾಳಿ ಉಂಟು. ಮ್ಯಾಟ್ ಪೈಂಟ್ ಮೇಲೆ ನೇರ ಡೆಕಾಲ್ ಇಟ್ಟದ್ದೇ ಕಾರಣ, ತರಿತರಿಯ ಮೇಲೆ ಹಾಳೆ ಇಟ್ರೆ ಗುಂಡಿಗಳಲ್ಲಿ ಗಾಳಿ ಉಳಿಯದೆ ಎಲ್ಲಿಗೆ ಹೋಗ್ತದೆ. ಇದಕ್ಕೂ ಮಳೆಗೂ ಸಂಬಂಧ ಇಲ್ಲ, ಬಳ್ಳಾರಿಯ ಬಿಸಿಲಿನಲ್ಲಿ ಕೂತು ಮಾಡಿದ್ರೂ ಆಗ್ತದೆ.

ಸೂಜಿ ತುದಿಯಲ್ಲಿ ಬೆಳ್ಳಿ ಕಾಣುವ ಕಡೆ ಸಣ್ಣ ತೂತು ಮಾಡಿ, ಡೆಕಾಲ್ ಮೆತ್ತಗೆ ಮಾಡುವ ದ್ರವ, ಮೈಕ್ರೋ ಸೋಲ್ ಅಥವಾ ಮಾರ್ಕ್ ಸಾಫ್ಟರ್, ಹಚ್ಚಿ ಬಿಡಿ. ಡೆಕಾಲ್ ಮೆತ್ತಗಾಗಿ ಸುಕ್ಕಾಗ್ತದೆ, ಆಗ ಹೆದರಿ ಬೆರಳು ಹಾಕಬೇಡಿ, ಆರುವಾಗ ತಾನೇ ಎಳೆದುಕೊಂಡು ಕೂರ್ತದೆ. ಒಂದು ಸಲದಲ್ಲಿ ಹೋಗದಿದ್ರೆ ಮತ್ತೊಮ್ಮೆ. ಮುಂದಿನ ಗಾಡಿಗೆ ಗ್ಲಾಸ್ ಕೋಟ್, ಡೆಕಾಲ್, ಆಮೇಲೆ ಮ್ಯಾಟ್, ಈ ಕ್ರಮ ತಪ್ಪಿಸಬೇಡಿ.

ಕಪಾಟಿನಲ್ಲಿ ಇದ್ದಲ್ಲೇ ಬಿಳಿ ಆದದ್ದು

ಇಲ್ಲಿ ಮೊದಲು ಬೂಸ್ಟಾ ಪುಡಿಯಾ ನೋಡಿ. ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದ್ರೆ ಬೂಸ್ಟಿಗೆ ನೂಲಿನಂತೆ ಕವಲು ಕಾಣ್ತದೆ, ವಾಸನೆಯೂ ಇರ್ತದೆ, ರಟ್ಟಿನ ಬಾಕ್ಸಿಗೂ ಹಿಡಿದಿರ್ತದೆ. ಸಾಬೂನು ನೀರಿನ ಮೆತ್ತನೆ ಬ್ರಶ್ ಸಾಕು. ಆಲ್ಕೋಹಾಲ್ ಹಾಕುವವರು ಅಡಿಯ ಕಾಣದ ಜಾಗದಲ್ಲಿ ಮೊದಲು ಮುಟ್ಟಿಸಿ ನೋಡಿ, ಟಮಿಯಾ ಅಕ್ರಿಲಿಕ್ ಆದ್ರೆ ಸಲೀಸಾಗಿ ಎದ್ದು ಬರ್ತದೆ.

ರಬ್ಬರ್ ಟೈರ್ ಮಾತ್ರ ಬೂದು ಬಿಳಿ ಆಗಿದ್ರೆ ರಬ್ಬರಿನ ಒಳಗಿನ ಮೇಣ ಮೇಲೆ ಬಂದದ್ದು, ಒರೆಸಿದ್ರೆ ಹೋಯ್ತು. ಟೈರ್ ಅಂಟಂಟಾಗಿ ಪ್ಲಾಸ್ಟಿಕ್ ರಿಮ್ಮನ್ನೇ ಕರಗಿಸ್ತಾ ಇದ್ರೆ ಅದು ಮೆತ್ತನೆ ಪಿವಿಸಿ ಟೈರಿನ ಕಾಯಿಲೆ, ರಿಮ್ಮಿಗೆ ಪ್ಲಂಬರ್ ಬಳಸುವ ಟೆಫ್ಲಾನ್ ಟೇಪ್ ಒಂದು ಸುತ್ತು ಸುತ್ತಿ ಮತ್ತೆ ಟೈರ್ ಹಾಕಿ.

ಡೈಕಾಸ್ಟ್ ಗಾಡಿಯ ಬಿಳಿ ಪುಡಿಗೆ ಮಾತ್ರ ಸ್ವಲ್ಪ ಹೊತ್ತು ಕೊಡಬೇಕು, ಯಾಕಂದ್ರೆ ಅದರಲ್ಲಿ ಎರಡು ನಮೂನೆ ಉಂಟು, ಒಂದು ಚರ್ಮದ್ದು, ಒಂದು ಎಲುಬಿನದ್ದು. ಡೈಕಾಸ್ಟ್ ಅಂದ್ರೆ ಕಬ್ಬಿಣ ಅಲ್ಲ, ಸತುವಿಗೆ ಅಲ್ಯೂಮಿನಿಯಂ, ತಾಮ್ರ, ಚೂರು ಮೆಗ್ನೀಷಿಯಂ ಸೇರಿಸಿದ ಜಮಾಕ್ ಅನ್ನುವ ಮಿಶ್ರ ಲೋಹ. ಪೈಂಟ್ ಹೋದ ಕಡೆ ಉಪ್ಪು ಗಾಳಿ ತಾಗಿ ಸತು ಮೇಲೆ ಮೇಲೆ ಬಿಳಿ ಆಗುವುದು ಸಾಮಾನ್ಯ, ಮಲ್ಪೆ ಪಣಂಬೂರು ಕಡೆ ಸಮುದ್ರದ ಹತ್ರ ಮನೆ ಇರುವವರಿಗೆ ಗೊತ್ತೇ ಉಂಟು, ಸ್ಟೀಲ್ ಆಕ್ಸಲ್ ಕೆಂಪು, ಅಡಿಯ ತಗಡು ಬಿಳಿ. ಒರೆಸಿದ್ರೆ ಪುಡಿ ಹೋಗಿ ಅಡಿಯಲ್ಲಿ ಗಟ್ಟಿ ಲೋಹ ಕಂಡ್ರೆ ಇದು ಚರ್ಮದ್ದು. ಒಣಗಿಸಿ ಒಂದು ತೆಳು ಕ್ಲಿಯರ್ ಕೋಟ್, ಆಕ್ಸಲಿಗೆ ಟೂತ್‌ಪಿಕ್ಕಿನಲ್ಲಿ ಚೂರು ಮೆಷಿನ್ ಆಯಿಲ್, ಮುಗೀತು.

ಎಲುಬಿನದ್ದು ಝಿಂಕ್ ಪೆಸ್ಟ್. ಎರಕ ಹೊಯ್ಯುವಾಗಲೇ ಸತುವಿಗೆ ಸೀಸದಂಥದ್ದು ಒಂಚೂರು ಬೆರೆತಿದ್ರೆ ಲೋಹದ ಹರಳು ಹರಳಿನ ನಡುವೆ ಸವೆತ ಶುರುವಾಗ್ತದೆ, ಲೋಹ ಉಬ್ಬುತ್ತದೆ, ಬಿರುಕು ಬಿಡ್ತದೆ, ಕೊನೆಗೆ ಬಿಸ್ಕೆಟ್ಟಿನಂತೆ ಮುರೀತದೆ. ಎರಡನೇ ಮಹಾಯುದ್ಧಕ್ಕಿಂತ ಮೊದಲಿನ ಡಿಂಕಿ ಟಾಯ್ಸ್ ಗಾಡಿಗಳು ಇದಕ್ಕೆ ಹೆಸರುವಾಸಿ, ಸಂಗ್ರಹಕಾರರು ತಗೊಳ್ಳುವ ಮೊದಲು ನೋಡುವುದೇ ಅದನ್ನು. ಸೆಕೆಯೂ ತೇವವೂ ಇದನ್ನು ಜೋರು ಮಾಡ್ತವೆ, ಹುಟ್ಟಿಸುದಿಲ್ಲ, ಹುಟ್ಟು ಎರಕದಲ್ಲೇ ಆಗಿರ್ತದೆ. ಗುರುತು ನೋಡಿ: ಮೊದಲು ತೆಗೀಲಿಕ್ಕೆ ಬರ್ತಾ ಇದ್ದ ಬಾಗಿಲು ಈಗ ಬಿಗಿ, ಛಾಸಿ ಬಿಲ್ಲಿನಂತೆ ಬಾಗಿದೆ, ಪೈಂಟಿನ ಅಡಿಯಿಂದ ಬಿರುಕು ಎದ್ದು ಬಂದಿದೆ, ಒರೆಸಿದ್ರೆ ಪುಡಿ ಹೋದ್ರೂ ಬಿರುಕು ಉಳೀತದೆ. ಇದಕ್ಕೆ ಮದ್ದಿಲ್ಲ. ಒಣ ತಂಪು ಜಾಗದಲ್ಲಿ ಇಟ್ಟು ಆಯುಷ್ಯ ಸ್ವಲ್ಪ ಎಳೀಬಹುದು, ಸೂಪರ್ ಗ್ಲೂ ತುಂಬಿ ಆಕಾರ ಹಿಡಿದಿಡಬಹುದು ಅಷ್ಟೇ. ಪಕ್ಕದ ಗಾಡಿಗೆ ಹರಡ್ತದೆ ಅಂತ ಹೆದರಿ ಬಿಸಾಡುವವರಿದ್ದಾರೆ, ಹರಡುದಿಲ್ಲ, ಇದು ಶೀತ ಜ್ವರ ಅಲ್ಲ.

ಕಪಾಟನ್ನೂ ಸಂಶಯದಿಂದ ನೋಡಿ. ಹೊಸ ಪ್ಲೈವುಡ್ ಶೋಕೇಸಿನಿಂದ ಅಸಿಟಿಕ್, ಫಾರ್ಮಿಕ್ ಆಮ್ಲದ ಆವಿ ಬರ್ತಾ ಇರ್ತದೆ, ಸೀಸಕ್ಕೂ ಸತುವಿಗೂ ಅದು ಆಗಿ ಬರುದಿಲ್ಲ, ಮ್ಯೂಸಿಯಂನವರು ಮರದ ಪೆಟ್ಟಿಗೆಗೆ ಹೆದರುವುದು ಇದಕ್ಕೇ. ಗಾಜು ಕೂರಿಸುವ ವಿನೆಗರ್ ವಾಸನೆಯ ಸಿಲಿಕೋನ್ ಕೂಡ ಅದೇ ಆಮ್ಲ ಬಿಡುವುದು. ಶೋಕೇಸ್ ಬಂದ ದಿನವೇ ಗಾಡಿ ತುಂಬಿಸಿ ಬಾಗಿಲು ಬಿಗಿ ಮಾಡಬೇಡಿ, ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಡಿ. ಒಳಗೆ ಸಿಲಿಕಾ ಜೆಲ್ ಇಡುವವರು ಬಣ್ಣ ಬದಲಾಗುವಂಥದ್ದು ತಗೊಳ್ಳಿ, ಬದಲಾದ ಮೇಲೆ ಓವನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಣಗಿಸಿದ್ರೆ ಮತ್ತೆ ಕೆಲಸಕ್ಕೆ ಬರ್ತದೆ, ನೀಲಿ ಜಾತಿಯದ್ದರಲ್ಲಿ ಕೋಬಾಲ್ಟ್ ಇರ್ತದೆ, ತಿನ್ನುವುದನ್ನು ಬೇಯಿಸುವ ಓವನಿನಲ್ಲಿ ಬೇಡ. ಒದ್ದೆ ಮೊಬೈಲಿನ ಹಾಗೆ ಕುಚ್ಚಲಕ್ಕಿ ಡಬ್ಬಿಯಲ್ಲಿ ಹೂತಿಡುವ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡಿ, ಅಕ್ಕಿ ಹೀರುವುದು ಅಷ್ಟಕ್ಕಷ್ಟೇ, ಸಂದಿಯಲ್ಲಿ ತೌಡಿನ ಪುಡಿ ಕೂರ್ತದೆ, ಹುಳ ಬಂದ್ರೆ ಅದು ಬೇರೆ ಕಥೆ. ಒಳಗೊಂದು ತೇವಾಂಶದ ಮೀಟರ್ ಇಟ್ಟು ಮುಳ್ಳು 45ರಿಂದ 55ರ ನಡುವೆ ನಿಲ್ಲುವ ಹಾಗೆ ಜೆಲ್ ಹೆಚ್ಚು ಕಮ್ಮಿ ಮಾಡಿ. ಬಾಕ್ಸಿನಲ್ಲೇ ಇಡುವ ದೊಡ್ಡ 1/18 ಗಾಡಿಗಳಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ತೆಗೆದುಬಿಡಿ, ಹಾಳೆಯೂ ಪೈಂಟೂ ನಡುವೆ ತೇವ ಸಿಕ್ಕಿಬಿದ್ರೆ ಪೈಂಟಿಗೆ ಗುಳ್ಳೆ ಏಳ್ತದೆ, ಗುಳ್ಳೆ ಎದ್ದ ಪೈಂಟನ್ನು ಪೂರ್ತಿ ಕೆರೆದು ಹೊಸದಾಗಿ ಹೊಡೆಯುವುದು ಬಿಟ್ಟು ಬೇರೆ ದಾರಿ ಇಲ್ಲ.